ನಾನೂರ ಹನ್ನೆರಡು ಮಣಿಗಳ ಮಡಿಕೆ

“ನಿನ್ನ ಕಣ್ಣು ಹೋಗೋದ್ರೊಳಗೆ ಆ ಹಾಳಾದ್ದು ಹೇಗಿದೆ ಅಂತ ನಿಂಗೆ ತೋರಿಸ್ತೀನಿ ಕಣೋ.”

ಇಪ್ಪತ್ತಾರು ವರ್ಷಗಳ ಹಿಂದೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅಕ್ಕ ತಮ್ಮನಿಗೆ ಕೊಟ್ಟ ಮಾತಿದು. ಅಕ್ಕನಿಗೆ ಆಗ ಇಪ್ಪತ್ತಮೂರು, ತಮ್ಮನಿಗೆ ಹದಿನೇಳು. ಅವನ ಮೈಯಲ್ಲಿ ಒಂದು ಎಂಜೈಮು ಕೆಲಸ ಮಾಡುತ್ತಿಲ್ಲ, ಅದು ಕತ್ತರಿಸಿ ಹಾಕಬೇಕಾದ ಕಸವೆಲ್ಲ ಕಣ್ಣಿನ ನರದಲ್ಲಿ ಕೂಡಿಕೊಳ್ಳುತ್ತಿದೆ, ನಡುವಯಸ್ಸಿಗೆ ದೃಷ್ಟಿ ಹೋದೀತು ಎಂದು ವೈದ್ಯರು ಆಗಷ್ಟೇ ಹೇಳಿದ್ದರು. ವಾಸಿ ಮಾಡುತ್ತೇನೆ ಎನ್ನಲು ಅಕ್ಕನಿಗೆ ಬಾಯಿ ಬರಲಿಲ್ಲ. ತೋರಿಸುತ್ತೇನೆ ಎಂದರು.

ಈಗ ಬೆಳಗಿನ ಐದೂವರೆ. ಸಂಶೋಧನಾ ಸಂಸ್ಥೆಯ ಗೇಟಿನಲ್ಲಿ ಅದೇ ಅಕ್ಕ ಮೊದಲ ಬಸ್ಸು ಇಳಿಯುತ್ತಾರೆ. ಸುಡುಬೇಸಿಗೆಯಲ್ಲೂ ತೋಳ ಮೇಲೊಂದು ದಪ್ಪ ಸ್ವೆಟರು. ಕಾವಲುಗಾರ ರಿಜಿಸ್ಟರು ಮುಂದಕ್ಕೆ ತಳ್ಳುತ್ತ, “ಏನಕ್ಕಾ, ಇವತ್ತೂ ಫ್ರಿಜ್ಜೊಳಗೇ ಸಂಸಾರಾನಾ?” ಎನ್ನುತ್ತಾನೆ. “ಮನೇಲಿ ಜಾಗ ಇಲ್ಲಪ್ಪ,” ಎಂದು ಸಹಿ ಹಾಕಿ ಅವರು ಒಳಗೆ ನಡೆಯುತ್ತಾರೆ. ವಿದ್ಯಾರ್ಥಿಗಳ ಬಾಯಲ್ಲಿ ಅವರು ‘ಸ್ವೆಟರಕ್ಕ’. ಬೆನ್ನ ಹಿಂದೆ ಇಟ್ಟ ಹೆಸರು, ಈಗ ಎದುರಿಗೇ ನಡೆಯುತ್ತದೆ.

ಕೆಲಸದ ಜಾಗ ಕಪಾಟಿಗಿಂತ ಸ್ವಲ್ಪ ದೊಡ್ಡದಾದ ಶೀತಲ ಕೋಣೆ. ಒಳಗೆ ಸದಾ ನಾಲ್ಕು ಡಿಗ್ರಿ. ಉದ್ದನೆಯ ಗಾಜಿನ ಕೊಳವೆಯಿಂದ ನಿಮಿಷಕ್ಕೆ ಹನ್ನೆರಡು ಹನಿ ಇಳಿಯುತ್ತವೆ. ಎಣಿಸುವ ಯಂತ್ರವಿದೆ, ಆದರೂ ಇವರ ತುಟಿ ಅಲುಗುತ್ತಿರುತ್ತದೆ. ಹನ್ನೆರಡು ಲೀಟರ್ ಬ್ಯಾಕ್ಟೀರಿಯಾ ಬೆಳೆಸಿ, ಒಡೆದು, ಸೋಸಿದರೆ ಕೈಗೆ ಸಿಗುವ ಎಂಜೈಮು ಮೂರು ಮಿಲಿಗ್ರಾಂ. ಅದೂ ನಸೀಬು ನೆಟ್ಟಗಿದ್ದರೆ.

“ಇದೊಂದು ಮಣಿಸರ ಅಂದ್ಕೊಳ್ಳಿ,” ಎನ್ನುತ್ತಾರೆ ಅಂಗೈ ಉಜ್ಜಿಕೊಳ್ಳುತ್ತ. “ನಾನೂರ ಹನ್ನೆರಡು ಮಣಿ. ಸುಮ್ನೆ ಸರವಾಗಿದ್ರೆ ಕೆಲಸಕ್ಕೆ ಬಾರದು. ತಾನಾಗೇ ಮಡಚ್ಕೊಂಡು ಒಂದು ಆಕಾರಕ್ಕೆ ಬರಬೇಕು. ಆಗ್ಲೇ ಕತ್ತರಿ ಥರ ಕೆಲಸ ಮಾಡೋದು. ಮಡಿಕೆ ತಪ್ತೋ, ಬೇಯಿಸಿದ ಮೊಟ್ಟೆ ಬಿಳಿ ಥರ ಗಡ್ಡೆ ಕಟ್ಟುತ್ತೆ.” ತಮ್ಮನ ಸರದಲ್ಲಿ ಒಂದೇ ಒಂದು ಮಣಿ ಬೇರೆ. ಅದು ಎಲ್ಲಿ ಕೂರುತ್ತದೆ, ಕೂತಲ್ಲಿ ಏನು ಕೆಡಿಸುತ್ತದೆ ಎಂದು ತಿಳಿಯಲು ಎಂಜೈಮಿನ ಹರಳು ಬೆಳೆಸಿ, ಎಕ್ಸ್-ರೇ ಹಾಯಿಸಿ, ಅದರ ಆಕಾರ ಕಾಣಬೇಕು.

ಕಾಣಲಿಲ್ಲ. ಹದಿನೆಂಟು ವರ್ಷ ಹರಳೇ ಬರಲಿಲ್ಲ. ಅನುದಾನ ಎರಡು ಸಲ ನಿಂತಿತು, ಜೊತೆಗಿದ್ದವರು ಬೇರೆ ಎಂಜೈಮು ಹಿಡಿದು ಮುಂದೆ ಹೋದರು. “ಹೊಳೇಲಿ ಹುಣಸೆಹಣ್ಣು ತೊಳೀತಿದ್ದಾಳೆ ಅಂತ ಒಬ್ರು ಸಭೇಲೇ ಅಂದ್ರು. ನಾನು ಅಂದೆ, ತೊಳೀತೀನಿ ಸ್ವಾಮಿ, ಹಣ್ಣು ನಂದು, ಕೈಯೂ ನಂದು.” ಕೊನೆಗೆ ಮಣ್ಣಿನ ಕಣದಷ್ಟು ಸಣ್ಣ ಹರಳುಗಳು ಮೂಡತೊಡಗಿದವು. ಇನ್ನು ಸ್ವಲ್ಪ ದೊಡ್ಡದಾದರೆ ಸಾಕು ಎನ್ನುವಾಗ ಎಡವಟ್ಟಾಯಿತು. ಮಾಡಿದವರು ಇವರೇ.

ಬಟ್ಟಿ ಇಳಿಸಿದ ನೀರಿನ ಡ್ರಮ್ಮಿಗೊಂದು ಹಳೆಯ ನಲ್ಲಿಯಿತ್ತು. ಹಸಿರು ಕಿಲುಬು, ತೊಟ್ಟಿಕ್ಕುವ ಚಟ. ಚೊಕ್ಕಟವಿರಲಿ ಎಂದು ಸ್ವೆಟರಕ್ಕ ಅದನ್ನು ಕೀಳಿಸಿ ಹೊಸ ಪ್ಲಾಸ್ಟಿಕ್ ನಲ್ಲಿ ಹಾಕಿಸಿದರು. ಮರುವಾರದಿಂದ ಎಂಜೈಮು ಗಡ್ಡೆ ಕಟ್ಟತೊಡಗಿತು. ಉಪ್ಪು ಬದಲಾಯಿಸಿದರು, ಬ್ಯಾಕ್ಟೀರಿಯಾ ಬದಲಾಯಿಸಿದರು, ಪಾಪದ ವಿದ್ಯಾರ್ಥಿನಿಯೊಬ್ಬಳನ್ನು ಬೈದೂ ಬೈದರು. ಹನ್ನೊಂದು ತಿಂಗಳು ಹೀಗೇ ಕಳೆಯಿತು. ಅದರ ನಾಲ್ಕನೇ ತಿಂಗಳಲ್ಲಿ ತಮ್ಮನ ಎಡಗಣ್ಣು ಹೋಯಿತು. ಒಂಬತ್ತನೆಯದರಲ್ಲಿ ಬಲಗಣ್ಣೂ ಹೋಯಿತು.

ಒಂದು ದಿನ ಪೈಪು ಸರಿಮಾಡಲು ಬಂದ ಪ್ಲಂಬರು ಕೇಳಿದ: “ಆ ಹಳೇ ನಲ್ಲಿ ಎಲ್ಲಿ ಮೇಡಂ? ಗಟ್ಟಿ ಹಿತ್ತಾಳೆ ಅದು. ಈಗ ಅಂಥದ್ದು ಸಿಗಲ್ಲ.”

ಸ್ವೆಟರಕ್ಕ ಇದ್ದಲ್ಲೇ ನಿಂತರು. ಹಿತ್ತಾಳೆಯೆಂದರೆ ತಾಮ್ರ ಮತ್ತು ಸತು, ಶಾಲೆಯ ಪಾಠ. ಇಷ್ಟು ವರ್ಷ ನೀರಿಗೆ ಲವಲೇಶ ಸತು ಇಳಿಯುತ್ತಿತ್ತು. ಸರ ಮಡಚಿಕೊಳ್ಳಲು ನಡುವೆ ಹಿಡಿದುಕೊಳ್ಳುತ್ತಿದ್ದದ್ದು ಅದನ್ನೇ. ಮರುದಿನ ಚಿಟಿಕೆಯ ನೂರನೇ ಒಂದು ಪಾಲು ಸತುವಿನ ಉಪ್ಪು ಬೆರೆಸಿದರು. ಸಂಜೆಗೆ ದ್ರಾವಣ ತಿಳಿಯಾಗಿತ್ತು. ಆಮೇಲೆ ಹರಳು ದೊಡ್ಡದಾಯಿತು, ಎಕ್ಸ್-ರೇಯಲ್ಲಿ ಆಕಾರ ಕಂಡಿತು.

“ಅದಕ್ಕೆ ಉಣಿಸ್ತಿದ್ದವಳು ನಾನಲ್ಲ, ನಲ್ಲಿ,” ಎಂದು ನಗುತ್ತಾರೆ. ನಗು ಬೇಗ ನಿಲ್ಲುತ್ತದೆ. “ಆ ವಿದ್ಯಾರ್ಥಿನಿ ಹತ್ರ ಕ್ಷಮೆ ಕೇಳ್ದೆ. ಬಾಕಿ ಇದ್ದದ್ದು ತಮ್ಮ.”

ತಮ್ಮನದು ಮೂರು ಬೀದಿ ಆಚೆ ಇಸ್ತ್ರಿ ಅಂಗಡಿ. ಕಣ್ಣಿಲ್ಲದೆಯೂ ದಿನಕ್ಕೆ ಎಪ್ಪತ್ತು ಬಟ್ಟೆ ಇಸ್ತ್ರಿಯಾಗುತ್ತವೆ. ಮೊದಲು ನೂರಿಪ್ಪತ್ತಾಗುತ್ತಿತ್ತು. ಕಳೆದ ಭಾನುವಾರ ಬೆಳಿಗ್ಗೆ ಅಕ್ಕ ಎಂಜೈಮಿನ ಆಕಾರದ ಚಿತ್ರವನ್ನು ಕೈಚೀಲದಲ್ಲಿಟ್ಟುಕೊಂಡು ಅಲ್ಲಿಗೆ ಹೋದರು. ನಲ್ಲಿಯ ಕಥೆಯನ್ನು ಒಂದಕ್ಷರ ಬಿಡದೆ ಹೇಳಿದರು.

“ಅಂದ್ರೆ ನೀನು ತೊಳೆದೂ ತೊಳೆದೂ ಕೆಡಿಸಿದೆ,” ಅಂದ ತಮ್ಮ. “ಚಿಕ್ಕೋಳಿದ್ದಾಗಿಂದ ಅದೇ ಬುದ್ಧಿ.”

“ಬೈದ್ಬಿಡೋ ಸರಿಯಾಗಿ.”

“ಬೈಯೋಕೆ ಪುರುಸೊತ್ತಿಲ್ಲ, ಹತ್ತು ಪ್ಯಾಂಟಿದೆ. ನಂದು ಎಲ್ಲಿ ತಪ್ಪಿದೆ, ಅದನ್ನ ಹೇಳು.”

ಅಕ್ಕ ಚಿತ್ರವನ್ನು ಹೊರಗೆ ತೆಗೆಯಲಿಲ್ಲ. ಮೇಜಿನ ಮೇಲಿದ್ದ ಅಂಗಿ ಎಳೆದು, ತಮ್ಮನ ಕೈಹಿಡಿದು ಮಡಚಿಸಿದರು. ಎರಡೂ ತೋಳು ಒಳಗೆ, ಸಪಾಟು. ಬಿಚ್ಚಿ, ಮತ್ತೆ ಮಡಚಿಸಿದರು. ಈ ಸಲ ಒಂದು ತೋಳು ಹೊರಗೇ ಉಳಿಯಿತು. ಅದರ ಮೇಲೆ ಕೂತ ಮಡಿಕೆಗಳೆಲ್ಲ ಜಾರಿದವು.

“ಇನ್ನೂರ ಏಳನೇ ಮಣಿ,” ಎಂದರು.

ತಮ್ಮ ಆ ತೋಳನ್ನು ಎರಡು ಸಲ ಸವರಿದ. “ಇಷ್ಟೇನಾ? ಇದನ್ನ ಒಳಗೆ ತಳ್ಳಿ ಹಿಡಿಯೋಕೆ ಒಂದು ಪಿನ್ನು ಸಾಕಲ್ಲ?”

ಆ ಪಿನ್ನೇ ಈಗ ಸ್ವೆಟರಕ್ಕನ ಕೆಲಸ: ಆ ಜಾಗದಲ್ಲಿ ಕೂತು ಮಡಿಕೆಯನ್ನು ಹಿಡಿದಿಡಬಲ್ಲ ಪುಟ್ಟ ಅಣು. ಪಟ್ಟಿಯಲ್ಲಿ ಒಂಬೈನೂರ ನಲವತ್ತಿವೆ, ಹದಿನಾರರ ಪರೀಕ್ಷೆ ಮುಗಿದಿದೆ. ನಿವೃತ್ತಿಗೆ ಹನ್ನೊಂದು ವರ್ಷ. ತಮ್ಮನ ನರ ಮತ್ತೆ ಚಿಗುರುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತು. ಪಿನ್ನು ಸಿಕ್ಕರೆ ಅದು ಇದೇ ಕಾಯಿಲೆಯ ಮಕ್ಕಳಿಗೆ; ಅವರ ವಾರ್ಡು ಅಂದಿನ ಅದೇ ಆಸ್ಪತ್ರೆಯಲ್ಲಿದೆ. ಈ ಸಲ ಯಾರಿಗೂ ಗಡುವು ಹೇಳಿಲ್ಲ.

“ಕಣ್ಣಿರುವಾಗ ತೋರಿಸ್ತೀನಿ ಅಂದಿದ್ದೆ,” ಎನ್ನುತ್ತಾರೆ ಸ್ವೆಟರಿನ ಗುಂಡಿ ಹಾಕಿಕೊಳ್ಳುತ್ತ. “ತೋರಿಸಲಿಲ್ಲ.”