ಯಾರೂ ಬೇಡ ಅನ್ನಲಿಲ್ಲ

ಪುಕ್ಕಟೆ ಸಿಗುವ ತಂತ್ರಾಂಶವನ್ನೂ ಯಾರೋ ಕೂತು ಮಾಡಿರುತ್ತಾರೆ. ಇದು ಗೊತ್ತಿಲ್ಲದವರಿಲ್ಲ; ಗೊತ್ತಿದ್ದೂ ಅದು ನಲ್ಲಿಯಲ್ಲಿ ನೀರು ಬಂದಂತೆ ತಾನೇ ಬರುತ್ತದೆ ಎಂದುಕೊಂಡಿದ್ದೇವೆ.

ಹಾಗೆ ಕೂತು ಮಾಡುವವರಲ್ಲಿ ಒಬ್ಬಳು ಈಕೆ, ಹದಿನೇಳು ವರ್ಷದಿಂದ ಔಷಧದಂಗಡಿಯ ಕೌಂಟರಿನಲ್ಲಿ ನಿಂತವಳು. ಸಣ್ಣ ಆಸ್ಪತ್ರೆಗಳು ರೋಗಿಗಳ ಮಾತ್ರೆಗಳ ಪಟ್ಟಿ ಇಡಲು ಬಳಸುವ ಒಂದು ಮುಕ್ತ ತಂತ್ರಾಂಶವಿದೆ. ಯಾರು ಬೇಕಾದರೂ ತೆರೆದು ನೋಡಬಹುದು, ತಿದ್ದಬಹುದು. ಅದರ ತಪ್ಪುಗಳನ್ನು ಬರೆದು ಕಳಿಸುತ್ತ ಕಳಿಸುತ್ತಲೇ ಇವಳು ತಿದ್ದುವುದನ್ನೂ ಕಲಿತಳು. ಅದನ್ನು ಮಾಡುವ ಗುಂಪಿನ ವಿಡಿಯೋ ಸಭೆಯಲ್ಲಿ ನಾಲ್ಕನೇ ಆವೃತ್ತಿಯ ಬಿಡುಗಡೆಯ ಹೊಣೆ ಯಾರು ಹೊರುತ್ತೀರಿ ಎಂದಾಗ ಪರದೆಯ ಮೇಲಿನ ಉಳಿದ ಹತ್ತು ಮುಖಗಳೂ ಬೇರೆಲ್ಲೋ ನೋಡಿದವು. ಹಾಗಾಗಿ ಅದು ಇವಳ ಕೊರಳಿಗೆ ಬಿತ್ತು.

ಬಿಡುಗಡೆ ಎಂದರೆ ಗುಂಡಿ ಒತ್ತುವುದಲ್ಲ. ಯಾರ ಕೆಲಸ ಮುಗಿದಿದೆ, ಯಾರದು ಅರ್ಧಕ್ಕೆ ನಿಂತಿದೆ, ಯಾರು ಯಾರ ಮೇಲೆ ಮುನಿಸಿಕೊಂಡಿದ್ದಾರೆ ಎಂದು ನೋಡಿ, ಒಬ್ಬೊಬ್ಬರಿಗೂ ಗಲ್ಲ ಹಿಡಿದು ಹೇಳಬೇಕು. ಎಲ್ಲ ಆಯಿತು. ಪರೀಕ್ಷಾ ಆವೃತ್ತಿಯನ್ನು ಇನ್ನೂರ ನಲವತ್ತು ಆಸ್ಪತ್ರೆಗಳಿಗೆ ಕಳಿಸಿ, ನಿಮ್ಮ ಹಳೇ ದಾಖಲೆಯ ನಕಲು ಹಾಕಿ ನೋಡಿ ಎಂದು ಕೇಳಿದಳು. ಏಳು ದಿನ ಯಾರೂ ಆಕ್ಷೇಪಿಸದಿದ್ದರೆ ಎಲ್ಲರೂ ಒಪ್ಪಿದಂತೆ. ಇದು ಆ ಗುಂಪಿನ ನಿಯಮ.

ಎಂಟನೇ ದಿನ ಶನಿವಾರ. ಅಡುಗೆಮನೆಯ ಮೇಜಿನ ಒಂದು ತುದಿಯಲ್ಲಿ ಲ್ಯಾಪ್‌ಟಾಪ್, ಇನ್ನೊಂದು ತುದಿಯಲ್ಲಿ ತರಕಾರಿ ಹೆಚ್ಚುತ್ತಿದ್ದ ಅತ್ತೆ.

"ಏನಮ್ಮಾ, ಕಾದ ಹೆಂಚಿನ ಮೇಲೆ ಕೂತಂಗೆ ಆಡ್ತಿದ್ದೀಯ?"

"ಯಾರೂ ಒಂದು ದೂರೂ ಕಳಿಸಿಲ್ಲ ಅತ್ತೆ."

"ಯಾರಾದ್ರೂ ತೆಗೆದಾದ್ರೂ ನೋಡಿದ್ರಾ?"

"ನಮ್ಮಲ್ಲಿ ಸುಮ್ಮನಿದ್ರೆ ಒಪ್ಪಿದ ಲೆಕ್ಕ."

ಅತ್ತೆ ಚಾಕು ಕೆಳಗಿಟ್ಟರು. "ಚೆನ್ನಾಗಿದೆ ಕಣೇ ನಿಮ್ಮ ಲೆಕ್ಕ! ನಾನು ಮೂರು ದಿನ ಸುಮ್ಮನಿದ್ರೆ ಏನರ್ಥ ಅಂತ ನಿಮ್ಮ ಮಾವನ್ನ ಕೇಳು."

"ನನ್ನ ಯಾಕೆ ಮಧ್ಯ ಎಳೀತೀಯೇ?" ಎಂದು ಒಳಕೋಣೆಯಿಂದ ಮಾವ ಕೂಗಿದರು.

ಅವಳು ನಕ್ಕಳು. ನಗುತ್ತಲೇ ಬಿಡುಗಡೆ ಮಾಡಿ ಅಂಗಡಿಗೆ ಹೋದಳು.

ಮಧ್ಯಾಹ್ನ ದೂರದೂರಿನ ಆಸ್ಪತ್ರೆಯ ಒಬ್ಬ ನರ್ಸ್ ಬರೆದಳು: "ಹಳೇ ಪಟ್ಟಿಯಲ್ಲಿ ಅರ್ಧ ಅಂತಿದ್ದ ಹೃದಯದ ಮಾತ್ರೆ ಹೊಸದರಲ್ಲಿ ಒಂದು ಅಂತ ತೋರಿಸ್ತಿದೆ. ಅದನ್ನ ತಗೊಳ್ಳೋ ಅಜ್ಜಿ ನನಗೆ ಗುರುತು, ಅದಕ್ಕೇ ಕೊಡೋಕೆ ಹೋದವಳು ಕೈ ಹಿಂದಕ್ಕೆ ತಗೊಂಡೆ."

ಓದುತ್ತಿದ್ದಂತೆ ಅವಳಿಗೆ ತಪ್ಪು ಹೊಳೆಯಿತು. ದಿನಕ್ಕೆ ಹತ್ತು ಸಲ "ಅರ್ಧ ಮಾಡಿ ತಗೊಳ್ಳಿ" ಎಂದು ಗಿರಾಕಿಗಳಿಗೆ ಹೇಳುವವಳು ತಾನು ಪರೀಕ್ಷೆಗೆಂದು ಕಟ್ಟಿದ ಪಟ್ಟಿಯಲ್ಲಿ ಬರೀ ಇಡೀ ಮಾತ್ರೆಗಳನ್ನೇ ಹಾಕಿದ್ದಳು.

"ಗಿರಾಕಿ ಕಾಯ್ತಿದಾರೆ!" ಅಂಗಡಿ ಯಜಮಾನ ಗದರಿದ.

"ಕಾಯ್ಲಿ."

ಹದಿನೇಳು ವರ್ಷದಲ್ಲಿ ಅವಳು ಹಾಗೆ ಎದುರಾಡಿದ್ದು ಅದೇ ಮೊದಲು. ಕಪಾಟಿನ ಮರೆಯಲ್ಲಿ ನಿಂತು ಆವೃತ್ತಿಯನ್ನು ಹಿಂತೆಗೆದಳು. "ಬಳಸಬೇಡಿ. ತಪ್ಪು ನನ್ನದು" ಎಂದು ಬರೆದಳು. ಅಷ್ಟರಲ್ಲಿ ಹತ್ತೊಂಬತ್ತು ಆಸ್ಪತ್ರೆಗಳು ಅದನ್ನು ಹಾಕಿಕೊಂಡಾಗಿತ್ತು. ಅವಳು ಫೋನ್ ಮಾಡಿದಾಗ ಹದಿನೆಂಟು ಕಡೆ ಎತ್ತಿದರು. ಹತ್ತೊಂಬತ್ತನೆಯವರು ಎತ್ತಿದ್ದು ಸೋಮವಾರ. ಅಲ್ಲಿ ಒಬ್ಬ ಮುದುಕರು ಎರಡು ದಿನ ಇಡೀ ಮಾತ್ರೆ ನುಂಗಿ, ತಲೆಸುತ್ತಿ ಬಿದ್ದು, ಸೊಂಟದ ಮೂಳೆ ಮುರಿದುಕೊಂಡಿದ್ದರು.

ಆಮೇಲೆ ನೋಡಿ, ಎಲ್ಲರಿಗೂ ಬಾಯಿ ಬಂತು. "ಯಾರ್ರೀ ಇದನ್ನ ಪರೀಕ್ಷೆ ಮಾಡಿದ್ದು?" ಎಂದು ಮುನ್ನೂರು ಬೈಗುಳದ ಪತ್ರಗಳು. ಏಳು ದಿನ ತುಟಿ ಬಿಚ್ಚದವರೇ ಮೊದಲ ಸಾಲಿನಲ್ಲಿದ್ದರು. ಯಾರೂ ಮಾಡಲಿಲ್ಲ, ನೀವೂ ಮಾಡಲಿಲ್ಲ ಎಂದು ಅವಳು ತಿರುಗಿ ಬರೆಯಬಹುದಿತ್ತು. ಬರೆಯಲಿಲ್ಲ. ತನ್ನ ತಪ್ಪನ್ನು ಹತ್ತು ಜನಕ್ಕೆ ಹಂಚಿ ಹಗುರಾಗುವ ಹೆಂಗಸಲ್ಲ ಅವಳು. ಆ ಮುದುಕರ ಮಗಳಿಗೆ ವಾರಕ್ಕೊಮ್ಮೆ ಫೋನ್ ಮಾಡುತ್ತಾಳೆ. ಮಗಳು ಒಂದೊಂದು ಸಲ ಎತ್ತುತ್ತಾಳೆ.

ನಿಯಮ ಈಗ ಬದಲಾಗಿದೆ. ಕನಿಷ್ಠ ಇಪ್ಪತ್ತು ಆಸ್ಪತ್ರೆಗಳು ನೋಡಿದೆವು ಎಂದು ಬರೆದು ತಿಳಿಸದೆ ಬಿಡುಗಡೆಯಿಲ್ಲ. ತಿದ್ದಿದ ಪರೀಕ್ಷಾ ಆವೃತ್ತಿ ಹೊರಬಂದು ಹನ್ನೆರಡು ದಿನವಾಯಿತು. ಬರೆದವರು ಇಬ್ಬರು.

ನಿಮ್ಮ ಆಸ್ಪತ್ರೆಯಲ್ಲಿ ಈ ತಂತ್ರಾಂಶ ಇದ್ದರೆ ಅದರ ಪರೀಕ್ಷಾ ಆವೃತ್ತಿಯನ್ನು ಇವತ್ತೇ ತೆರೆಯಿರಿ. ನಿಮ್ಮ ಹಳೇ ದಾಖಲೆಯ ನಕಲು ಹಾಕಿ, ಒಂದೊಂದು ಮಾತ್ರೆಯನ್ನೂ ಕಣ್ಣಿಟ್ಟು ನೋಡಿ. ಸರಿಯಿದ್ದರೆ ಸರಿ, ತಪ್ಪಿದ್ದರೆ ತಪ್ಪು ಎಂದು ಅವಳಿಗೆ ಒಂದು ಸಾಲು ಬರೆಯಿರಿ.