ಇಪ್ಪತ್ತೆರಡು ಹೆಜ್ಜೆ

ತಿಕೋಟಾದ ಗೌತಮನಿಗೆ ಚೆಂಡು ಸರಿಯಾಗಿ ಒದೆಯಲು ಬರುವುದಿಲ್ಲ ಎಂಬುದು ಜೋರಾಪುರ ಪೇಟೆಯ ಫುಟ್‌ಬಾಲ್ ತಂಡದಲ್ಲಿ ಎಲ್ಲರಿಗೂ ಗೊತ್ತಿತ್ತು. ಅವನಿಗೂ ಗೊತ್ತಿತ್ತು. ಒಂಬತ್ತು ವರ್ಷ ಅದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ.

ಅವನಿಗೆ ಬರುತ್ತಿದ್ದದ್ದು ಓಟ. ಆಟ ಶುರುವಾದ ಗಳಿಗೆಯಿಂದ ರೆಫ್ರಿ ಕೊನೆಯ ಸೀಟಿ ಊದುವವರೆಗೆ ಮೈದಾನದ ನಡುಭಾಗದಲ್ಲಿ ಒಂದೇ ಸಮನೆ ಓಡುತ್ತಿದ್ದ. ಎದುರಾಳಿಯ ಕಾಲಲ್ಲಿ ಚೆಂಡು ಕಂಡರೆ ಸಾಕು, ಹೋಗಿ ಮೈಮೇಲೆ ಬೀಳುತ್ತಿದ್ದ. ಚೆಂಡು ತನ್ನ ಕಡೆ ಬಂದರೆ ಅದು ಅವನ ಕಾಲಿಗೆ ಬಡಿದು ಮೂರು ಮಾರು ದೂರ ಹೋಗುತ್ತಿತ್ತು. ಆ ಮೂರು ಮಾರು ಓಡಿ ಮತ್ತೆ ಹಿಡಿಯುವಷ್ಟು ಕಸುವು ಅವನಲ್ಲಿತ್ತು. ಹಿಡಿದ ಮೇಲೆ ಹತ್ತಿರ ಯಾರು ನಿಂತಿದ್ದಾರೋ ಅವರಿಗೆ ತಳ್ಳಿಬಿಡುತ್ತಿದ್ದ. ಇಷ್ಟೇ ಅವನ ಆಟ.

ತಂಡ ಕಟ್ಟಿದ ಬುಡ್ಡೇಸಾಬರಿಗೆ ಇದಕ್ಕಿಂತ ಹೆಚ್ಚು ಬೇಕಿರಲಿಲ್ಲ. ಅವರ ಲೆಕ್ಕ ಸರಳವಾಗಿತ್ತು. ಹಿಂದಿನವರು ಚೆಂಡನ್ನು ಎತ್ತರಕ್ಕೆ ಬಾರಿಸಬೇಕು, ಅದು ಬಿದ್ದಲ್ಲಿ ಗುದ್ದಾಟವಾಗಬೇಕು, ಆ ಗುದ್ದಾಟದಲ್ಲಿ ಗೌತಮ ಇರಬೇಕು. ಮೈದಾನದ ಅಂಚಿನಲ್ಲಿ ಸ್ಟೂಲಿನ ಮೇಲೆ ಕುಳಿತು ಅವರು ಕೂಗುತ್ತಿದ್ದದ್ದು ಒಂದೇ ಮಾತು: “ಓಡಲೇ ಗೌತ್ಯಾ, ಓಡು.”

ವಾರದಲ್ಲಿ ಮೂರು ಸಂಜೆ ಅವನು ಬಸ್ಸು ಹಿಡಿದು ವಿಜಯಪುರಕ್ಕೆ ಬರುತ್ತಿದ್ದ. ಉಳಿದ ಹೊತ್ತು ತಿಕೋಟಾದ ಹೊರಗಿನ ಒಣದ್ರಾಕ್ಷಿ ಶೆಡ್ಡುಗಳಲ್ಲಿ ಕೂಲಿ. ಶೆಡ್ಡಿನೊಳಗೆ ಒಂದರ ಮೇಲೊಂದು ಬಲೆಯಂಥ ಜಾಳಿ ಕಟ್ಟಿ ಹಸಿ ದ್ರಾಕ್ಷಿ ಹರಡುತ್ತಾರೆ. ಅದರ ಮೇಲೆ ದ್ರಾವಣ ಸಿಂಪಡಿಸುವುದು ಅವನ ಪಾಲಿನ ಕೆಲಸ. ಸಾಲಿನ ಈ ತುದಿಯಿಂದ ಆ ತುದಿಗೆ ನಲವತ್ತು ಹೆಜ್ಜೆ. ಒಂದು ಹೆಜ್ಜೆ ಬೇಗ, ಒಂದು ತಡವಾದರೆ ಔಷಧ ಒಂದೆಡೆ ಹೆಚ್ಚಾಗಿ ಬಿದ್ದು ಮಣೂಕದ, ಅಂದರೆ ಒಣದ್ರಾಕ್ಷಿಯ, ಬಣ್ಣ ಕೆಡುತ್ತದೆ. ಅದಕ್ಕಾಗಿ ಅವನು ಎಣಿಸಿಕೊಂಡು ನಡೆಯುತ್ತಿದ್ದ. ಅವನು ಎಣಿಸಿದ ಸಾಲು ಯಾವತ್ತೂ ಕೆಟ್ಟಿರಲಿಲ್ಲ. ಈ ಅಭ್ಯಾಸ ಎಷ್ಟು ಆಳಕ್ಕೆ ಇಳಿದಿತ್ತೆಂದರೆ ಬಸ್‌ಸ್ಟ್ಯಾಂಡಿನಿಂದ ಮನೆಗೆ ಎಷ್ಟು ಹೆಜ್ಜೆ ಎಂದು ಕೇಳಿದರೂ ಹೇಳುತ್ತಿದ್ದ.

ಬದುಕಿನಲ್ಲಿ ಬೇರೆ ಏನೂ ಇರಲಿಲ್ಲ ಎಂದರೆ ಸುಳ್ಳಾದೀತು. ತಾಯಿ ಪರಸವ್ವ ಇದ್ದಳು, ವರ್ಷದಲ್ಲಿ ಎಂಟು ತಿಂಗಳು ಕೆಲಸವಿತ್ತು, ಎರಡು ಕಡೆ ಹೆಣ್ಣು ನೋಡಿ ಮಾತು ಮುರಿದದ್ದೂ ಇತ್ತು. ಆದರೆ ಶೆಡ್ಡಿಗೆ ಅವನು ಬರದಿದ್ದರೆ ಇನ್ನೊಬ್ಬ ಬರುತ್ತಿದ್ದ. ಬಸ್ಸು ತಡವಾದರೆ ಕಾಯುವ ಜನ ಇದ್ದದ್ದು ಮೈದಾನದಲ್ಲಿ ಮಾತ್ರ. ಅವನಿಗೆ ಇಪ್ಪತ್ತೊಂಬತ್ತಾಗಿತ್ತು.

ಕಳೆದ ಮಳೆಗಾಲದಲ್ಲಿ ಬುಡ್ಡೇಸಾಬರ ಮೊಣಕಾಲು ಕೈಕೊಟ್ಟಿತು. ತಂಡ ಅವರ ತಂಗಿಯ ಮಗ ಅಶ್ಫಾಕನ ಕೈಗೆ ಬಂತು. ಅಶ್ಫಾಕನಿಗೆ ಸೊಲ್ಲಾಪುರ ರಸ್ತೆಯಲ್ಲಿ ರೇಡಿಯೇಟರ್ ರಿಪೇರಿಯ ಅಂಗಡಿ. ಬೆಳಗಾವಿಗೆ ಹೋಗಿ ತರಬೇತುದಾರರ ಕೋರ್ಸು ಮುಗಿಸಿ ಬಂದಿದ್ದ. ದನಿ ಎತ್ತುವವನಲ್ಲ. ಅಂಗಡಿಯ ಹಿಂದಿನ ತಗಡಿನ ಮೇಲೆ ನಟ್ಟು, ವಾಷರುಗಳನ್ನು ಹರಡಿ ಯಾರು ಎಲ್ಲಿ ನಿಲ್ಲಬೇಕೆಂದು ತೋರಿಸುತ್ತಿದ್ದ. ಅವನ ಆಟದಲ್ಲಿ ಚೆಂಡು ನೆಲ ಬಿಡಬಾರದು. ಹಿಂದಿನಿಂದ ನಡುವಿಗೆ, ನಡುವಿನಿಂದ ಮುಂದಕ್ಕೆ ಸಣ್ಣ ಸಣ್ಣ ಪಾಸುಗಳಲ್ಲಿ ಹೋಗಬೇಕು. ನಡುವಿನವನು ಚೆಂಡು ಬರುವ ಮೊದಲೇ ಅದನ್ನು ಎತ್ತ ಕಳಿಸಬೇಕೆಂದು ತಿಳಿದಿರಬೇಕು.

“ಈ ನಟ್ಟು ನೀ, ಗೌತಮ,” ಎಂದು ಅಶ್ಫಾಕ ತಗಡಿನ ನಡುವೆ ಬೆರಳಿಟ್ಟ. “ಇಲ್ಲಿ ಇರಬೇಕು. ಆದ್ರ ನೀ ಎಲ್ಲಿರ್ತಿ?”

ಡಿಫೆನ್ಸಿನಲ್ಲಿ ಆಡುವ ಧರ್ಮರಾಜ ಬಗ್ಗಿ ತಗಡು ಇಟ್ಟಿದ್ದ ಬೆಂಚಿನ ಕೆಳಗೆ ನೋಡಿದ. “ತಗಡಿನ ಮ್ಯಾಲ ಹುಡುಕಬ್ಯಾಡ್ರಿ. ಅಂವ ಉರುಳಿಕೋತ ಹೊರಗ ರಸ್ತೆಕ್ಕ ಹೋಗಿರ್ತಾನ.”

ಎಲ್ಲರೂ ನಕ್ಕರು, ಗೌತಮನೂ ನಕ್ಕ. ಅಶ್ಫಾಕ ಮಾತ್ರ ನಗಲಿಲ್ಲ. ಉಳಿದವರು ಚಹಾಕ್ಕೆಂದು ಗಾಂಧಿ ಚೌಕದ ಕಡೆ ಹೊರಟ ಮೇಲೆ ಅವನು ಗೌತಮನನ್ನು ನಿಲ್ಲಿಸಿಕೊಂಡು ಇದ್ದದ್ದನ್ನು ಇದ್ದಹಾಗೆ ಹೇಳಿದ. ಈ ವರ್ಷದ ಲೀಗಿಗೆ ಹದಿನಾರು ಹೆಸರು ಬರೆಸಬೇಕು. ಜನವರಿಯಲ್ಲಿ ಬಬಲೇಶ್ವರದ ಟೂರ್ನಮೆಂಟು ಇದೆ. ಅಲ್ಲಿನ ಆಟ ನೋಡಿ ಪಟ್ಟಿ ಮಾಡುತ್ತೇನೆ. ಗೌತಮನ ಜಾಗಕ್ಕೆ ಪ್ರತಾಪನೂ ಇದ್ದಾನೆ. ಪ್ರತಾಪ ಸಹಕಾರಿ ಬ್ಯಾಂಕೊಂದರ ಕಾರಕೂನ, ಇಪ್ಪತ್ತಮೂರರ ಹುಡುಗ. ಎರಡು ಸುತ್ತು ಓಡಿದರೆ ಏದುಸಿರು ಬಿಡುತ್ತಾನೆ, ಆದರೆ ಚೆಂಡು ಅವನ ಕಾಲಿಗೆ ಅಂಟಿಕೊಳ್ಳುತ್ತದೆ.

“ನಾ ಅವನಕಿಂತ ಎರಡರಷ್ಟು ಓಡ್ತೀನ್ರಿ, ಅಣ್ಣಾ.”

“ಓಡ್ತಿ. ನೀ ಓಡಿ ಹೋದ ಜಾಗಾ ಖಾಲಿ ಬೀಳ್ತೈತಿ, ಅಲ್ಲಿಂದ ಅವರು ಒಳಗ ಬರ್ತಾರ. ನಿನಗ ಪಾಸ್ ಹಾಕೋದು ನಾ ಕಲಿಸೂದು ಆಗೂದಿಲ್ಲ, ಅದು ಹತ್ತ ವರ್ಷದ ಹಿಂದ ಆಗಬೇಕಿತ್ತು. ನಿಂದ್ರೂದು ಒಂದು ಕಲಿ. ಡಿಫೆನ್ಸಿನ ಮುಂದ ಗ್ವಾಡಿ ಹಂಗ ನಿಂದ್ರು. ಅಷ್ಟು ಬಂದ್ರ ಆಡಸ್ತೀನಿ.”

“ಎಲ್ಲಿ ನಿಂದ್ರಲಿ?”

“ಡಿಫೆನ್ಸಿನ ಮುಂದ ಅಂದ್ನೆಲ್ಲ.”

“ಎಷ್ಟು ಮುಂದ?”

ಅಶ್ಫಾಕ ಕೈ ಒರೆಸಿಕೊಳ್ಳುತ್ತಿದ್ದ. “ನಡುಗೆರಿಯಿಂದ ಹಿಂದಕ ಒಂದು ಇಪ್ಪತ್ತೆರಡು ಹೆಜ್ಜಿ ಹಿಡಿ,” ಎಂದ. ಅವನು ಅಂದಾಜಿಗೆ ಹೇಳಿದ್ದು. ಎಣಿಸಿಕೊಂಡೇ ಬದುಕುವ ಮನುಷ್ಯನಿಗೆ ಅಂದಾಜಿನ ಸಂಖ್ಯೆ ಹೇಳಬಾರದು ಎಂಬುದು ಅವನ ಕೋರ್ಸಿನಲ್ಲಿ ಇರಲಿಲ್ಲ.

ಮಾರನೆಯ ಅಭ್ಯಾಸದಿಂದ ಗೌತಮ ಎಲ್ಲರಿಗಿಂತ ಮೊದಲು ಬಂದು ನಡುಗೆರೆಯ ಮೇಲೆ ನಿಂತು ಹಿಂದಕ್ಕೆ ಇಪ್ಪತ್ತೆರಡು ಹೆಜ್ಜೆ ಎಣಿಸಿ ಹಿಮ್ಮಡಿಯಿಂದ ಗೀಟು ಎಳೆಯತೊಡಗಿದ. ಆಟದಲ್ಲಿ ಆ ಗೀಟಿನಿಂದ ಅತ್ತ ನಾಲ್ಕು, ಇತ್ತ ನಾಲ್ಕು ಹೆಜ್ಜೆ ಬಿಟ್ಟರೆ ಕದಲುತ್ತಿರಲಿಲ್ಲ. ಮೊದಲ ವಾರ ಅವನ ಕಾಲುಗಳು ಕೇಳಲಿಲ್ಲ. ಆಚೆ ಚೆಂಡು ಪುಟಿದರೆ ಇಡೀ ಮೈ ಆ ಕಡೆ ವಾಲುತ್ತಿತ್ತು. ಹಲ್ಲು ಕಚ್ಚಿ ನಿಲ್ಲುತ್ತಿದ್ದ. ಮನೆಯಲ್ಲೂ ಬಾಗಿಲಿನಿಂದ ಒಲೆಯವರೆಗೆ ಎಣಿಸುತ್ತ ಹಿಂದೆ ಹಿಂದೆ ನಡೆಯುವುದನ್ನು ಕಂಡು ಪರಸವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

“ಏನ್ ಮಾಡಾಕತ್ತಿಯೋ ಯಪ್ಪಾ?”

“ನಿಂದ್ರೂದು ಕಲ್ಯಾಕತ್ತೇನಿ.”

“ನೀ ನಿಂತಿದ್ದು ಹನ್ನೊಂದನೇ ತಿಂಗಳಿಗೆ. ಮತ್ತೀಗೇನು ಹೊಸಾದು? ಹಿಟ್ಟಿನ ಬುಟ್ಟಿ ತುಳೀತಿ, ಹೊರಗ ಹೋಗಿ ಕಲಿ.”

ಆರು ವಾರದಲ್ಲಿ ಕಲಿತ. ಕಲಿತದ್ದು ಕಣ್ಣಿಗೂ ಕಂಡಿತು. ಸಿಂದಗಿಯ ತಂಡವೊಂದು ಬಂದು ಸ್ನೇಹದ ಆಟ ಆಡಿದಾಗ ನಡುವಿನಿಂದ ಒಂದು ಚೆಂಡೂ ದಾಟಲಿಲ್ಲ. ಬಂದ ಚೆಂಡಿಗೆ ಗೌತಮ ಅಡ್ಡ ನಿಂತ, ಅದು ಅವನಿಗೆ ಬಡಿದು ಎಲ್ಲಿಗೋ ಹೋಯಿತು, ಉಳಿದವರು ಎತ್ತಿಕೊಂಡರು. ಅಶ್ಫಾಕ ಅವನ ಬೆನ್ನು ತಟ್ಟಿ “ಬರೋಬ್ಬರಿ” ಎಂದ. ಆ ಸಂಜೆ ಚಹಾದ ಅಂಗಡಿಯಲ್ಲಿ ಗೌತಮ ಹೆಚ್ಚು ಮಾತಾಡಿದ. ಬಬಲೇಶ್ವರದಲ್ಲಿ ಆಡುವ ಹನ್ನೊಂದು ಮಂದಿಯಲ್ಲಿ ತಾನಿದ್ದೇನೆ ಎಂಬುದು ಆ ಮಾತಿನಿಂದಲೇ ಅವನಿಗೆ ತಿಳಿದಿತ್ತು.

ಬಬಲೇಶ್ವರಕ್ಕೆ ಎರಡು ಟಂಟಂ ಆಟೊ ಮಾಡಿಕೊಂಡು ಹೋದರು. ಬುಡ್ಡೇಸಾಬರೂ ಕೋಲು ಹಿಡಿದು ಬಂದರು. ಮೈದಾನ ಒಂದು ಶಾಲೆಯದು. ಈಚೆಗೆ ಅದರ ಒಂದು ತುದಿಯಲ್ಲಿ ಹೊಸ ಕೋಣೆಗಳು ಎದ್ದು ಮೈದಾನದ ಮೂರರಲ್ಲಿ ಒಂದು ಪಾಲನ್ನು ನುಂಗಿದ್ದವು. ಊರವರು ಉಳಿದ ಜಾಗಕ್ಕೇ ಸುಣ್ಣದ ಗೆರೆ ಹಾಕಿ, ಗೋಲಿನ ಕಂಬಗಳನ್ನು ಒಳಗೆ ತಂದು ನೆಟ್ಟಿದ್ದರು. ಮೈದಾನ ಗಿಡ್ಡ ಎಂದು ಎಲ್ಲರೂ ಅಂದರು. ಗೌತಮನೂ ಅಂದ. ಅನಂತರ ಹೋಗಿ ನಡುಗೆರೆಯಿಂದ ಇಪ್ಪತ್ತೆರಡು ಹೆಜ್ಜೆ ಎಣಿಸಿ ಗೀಟು ಎಳೆದ.

ಆಟ ಶುರುವಾಗಿ ಐದು ನಿಮಿಷಕ್ಕೆ ಧರ್ಮರಾಜ ಅವನ ಬೆನ್ನಿಗೆ ಡಿಕ್ಕಿ ಹೊಡೆದ. “ನನ್ನ ಮ್ಯಾಲ ಯಾಕ ಏರಿ ಬರ್ತೀಲೇ? ಮುಂದ ಸರಿ.”

“ಇದು ನನ್ನ ಜಾಗಾ.”

“ನಿನ್ನ ಜಾಗಾ ಅಂದ್ರ, ನನ್ನ ಜಾಗಾ ಎಲ್ಲೈತಿ, ಗೋಲಿನ್ಯಾಗ?”

ಗೌತಮ ಕದಲಲಿಲ್ಲ. ಆರು ವಾರ ಕದಲದಿರುವುದನ್ನೇ ಕಲಿತಿದ್ದ. ಅವನ ಮುಂದೆ, ಗೀಟಿನಿಂದ ಎಂಟು ಹೆಜ್ಜೆ ಆಚೆ, ಎದುರಿನ ತಂಡದವರು ಚೆಂಡು ಹಿಡಿದು ನಿಂತು ನೋಡಿ, ಬೇಕಾದವರಿಗೆ ಕೊಡುತ್ತಿದ್ದರು. ಆ ಎಂಟು ಹೆಜ್ಜೆ ಅವನಿಗೆ ಒಂದು ಉಸಿರಿನ ದಾರಿ. ಅಂಚಿನಿಂದ ಅಶ್ಫಾಕ “ಮುಂದ, ಮುಂದ” ಎಂದದ್ದು ಕೇಳಿಸಿ ನಾಲ್ಕು ಹೆಜ್ಜೆ ಹೋದ, ನಾಲ್ಕು ಮುಗಿದವು ಎಂದು ಹಿಂದೆ ಬಂದ. ಚೆಂಡು ಹಿಡಿದವನು ಆರಾಮಾಗಿ ಗುರಿಯಿಟ್ಟು ಒದ್ದ. ಮೊದಲ ಗೋಲು. ಎರಡನೆಯದು ಇನ್ನೂ ಕೆಟ್ಟದಾಗಿ ಬಂತು: ಧರ್ಮರಾಜ ಬಾರಿಸಿದ ಚೆಂಡು ಮುಂದೆಯೇ ನಿಂತಿದ್ದ ಗೌತಮನ ಬೆನ್ನಿಗೆ ಬಡಿದು ಎದುರಾಳಿಯ ಕಾಲ ಬಳಿ ಬಿತ್ತು.

ಹಾಫ್‌ಟೈಮಿನಲ್ಲಿ ಅಶ್ಫಾಕ ನೀರಿನ ಕೊಡದ ಹತ್ತಿರ ಅವನನ್ನು ಕರೆದ.

“ಅಲ್ಲಿ ಯಾಕ ನಿಂತಿ?”

“ಇಪ್ಪತ್ತೆರಡು ಹೆಜ್ಜಿ ಅಂದಿದ್ರಿ.”

ಅಶ್ಫಾಕ ಮೈದಾನದ ಆ ತುದಿಗೆ ಎದ್ದ ಹೊಸ ಗೋಡೆಯನ್ನು ನೋಡಿದ, ನೆಲದ ಮೇಲಿನ ಗೀಟನ್ನು ನೋಡಿದ. ಹಿಂದೆ ಯಾರೋ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು.

“ಅದು ನಮ್ಮ ಗ್ರೌಂಡಿನ ಲೆಕ್ಕಪಾ,” ಎಂದ. “ಗ್ರೌಂಡು ಸಣ್ಣದಾದ್ರ ಜಾಗಾನೂ ಸರೀತೈತಿ. ತಪ್ಪು ನಂದೂ ಐತಿ. ಈಗ ಎಣಿಸಬ್ಯಾಡ, ನೋಡಿ ನಿಂದ್ರು.”

“ಏನ್ ನೋಡ್ಲಿ?”

ಅವನು ವಾದಕ್ಕೆ ಕೇಳಿರಲಿಲ್ಲ. ನಿಜವಾಗಿ ಕೇಳಿದ್ದ. ಯಾವುದನ್ನು ನೋಡಬೇಕೆಂದು ಹೇಳಿದರೆ ಅದನ್ನು ಎವೆಯಿಕ್ಕದೆ ನೋಡಲು ತಯಾರಿದ್ದ. ಚೆಂಡು, ನಮ್ಮವರು, ಎದುರಿನವರು, ನಡುವಿನ ಖಾಲಿ ಜಾಗ, ಇವೆಲ್ಲವನ್ನೂ ಒಂದೇ ಗಳಿಗೆಯಲ್ಲಿ ನೋಡುವುದು ಹೇಗೆಂದು ಎರಡು ನಿಮಿಷದಲ್ಲಿ ಯಾರೂ ಯಾರಿಗೂ ಹೇಳಲಾರರು. “ಕೂಡು, ಸ್ವಲ್ಪ ದಣಿವಾರಿಸ್ಕೋ,” ಎಂದು ಅಶ್ಫಾಕ ಪ್ರತಾಪನಿಗೆ ಕೈಮಾಡಿದ. ಗೌತಮ ದಣಿದಿರಲಿಲ್ಲ. ಒಂಬತ್ತು ವರ್ಷದಲ್ಲಿ ಅಂಗಿ ಬೆವರಿನಲ್ಲಿ ತೊಯ್ಯದೆ ಮೈದಾನದಿಂದ ಹೊರಗೆ ಬಂದದ್ದು ಅದೇ ಮೊದಲು.

ಪ್ರತಾಪನನ್ನು ಅವನು ಕಣ್ಣಿಟ್ಟು ನೋಡಿದ. ಪ್ರತಾಪ ಎಲ್ಲಿಯೂ ನಿಲ್ಲುತ್ತಿರಲಿಲ್ಲ, ಓಡುತ್ತಲೂ ಇರಲಿಲ್ಲ, ಅಡ್ಡಾಡುತ್ತಿದ್ದ. ಚೆಂಡು ಬರುವ ಮೊದಲು ಒಮ್ಮೆ ಎಡಭುಜದ ಮೇಲಿನಿಂದ, ಒಮ್ಮೆ ಬಲಭುಜದ ಮೇಲಿನಿಂದ ಹಿಂದಕ್ಕೆ ನೋಡುತ್ತಿದ್ದ. ಚೆಂಡು ಬಂದಾಗ ಅದರ ಕಡೆ ನೋಡುತ್ತಲೇ ಇರಲಿಲ್ಲ. ಹೀಗೆ ನೋಡುವುದೊಂದು ಇದೆ ಎಂದು ಗೌತಮನಿಗೆ ತಿಳಿದದ್ದು ಆಗ. ಚೆಂಡಿನಿಂದ ಕಣ್ಣು ತೆಗೆದರೆ ತನಗೆ ಚೆಂಡೇ ಸಿಗುವುದಿಲ್ಲ ಎಂಬುದೂ ಅದೇ ಗಳಿಗೆಯಲ್ಲಿ ತಿಳಿಯಿತು.

ಜೋರಾಪುರ ಪೇಟೆ ಮೂರು ಗೋಲು ಹೊಡೆದು ಗೆದ್ದಿತು. ಎಲ್ಲರೂ ಪ್ರತಾಪನನ್ನು ಎತ್ತಿಕೊಂಡರು. ಗೌತಮನೂ ಹೋಗಿ ಒಂದು ಕಾಲು ಹಿಡಿದು ಎತ್ತಿದ. ಗುಂಪು ಚದುರಿದ ಮೇಲೆ ಬುಡ್ಡೇಸಾಬರ ಕುರ್ಚಿಯ ಪಕ್ಕ ನೆಲದ ಮೇಲೆ ಕುಳಿತ.

“ಚಾಚಾ, ನೀವು ಇದ್ದಿದ್ರ ಏನ್ ಅಂತಿದ್ರಿ?”

“ನನಗೇನ್ ಬರ್ತೈತಿ? ಓಡು ಅಂತಿದ್ದೆ.”

“ನಾ ಓಡಿದ್ರೂ ಇವತ್ತ ಗೆಲ್ತಿದ್ವಿ?”

ಬುಡ್ಡೇಸಾಬರು ಮೊಣಕಾಲು ತಿಕ್ಕಿಕೊಂಡರು. ಮುದುಕರು ಸಮಾಧಾನದ ಮಾತು ಹೇಳುತ್ತಾರೆ ಎಂದು ಅವನು ಕಾದಿದ್ದ. ಅವರು ಆ ಜಾತಿಯ ಮುದುಕರಲ್ಲ.

“ನಾವಿಬ್ರೂ ಕೂಡಿ ಒಂಬತ್ತು ವರ್ಷದಾಗ ಎಷ್ಟು ಟೂರ್ನಮೆಂಟ್ ಗೆದ್ದೀವಿ, ಹೇಳು?”

ಎಣಿಸುವ ಅವಶ್ಯಕತೆ ಇರಲಿಲ್ಲ. ಒಂದು, ಅದೂ ಫೈನಲ್ಲಿಗೆ ಎದುರಿನ ತಂಡ ಬಾರದೆ ಇದ್ದಾಗ.

“ಖರೇ ಅಂದ್ರ,” ಎಂದರು ಬುಡ್ಡೇಸಾಬರು, “ನೀ ಓಡೂದು ನೋಡಾಕ ಛಂದ ಇತ್ತು. ಅದಕ್ಕ ಇಟಗೊಂಡಿದ್ದೆ.”

ಫೆಬ್ರವರಿಯ ಮೊದಲ ವಾರ ಅಶ್ಫಾಕ ಬೈಕಿನಲ್ಲಿ ತಿಕೋಟಾಕ್ಕೆ ಬಂದ. ಫೋನಿನಲ್ಲಿ ಹೇಳಬಹುದಿತ್ತು, ಬಂದ, ಅವನು ಅಂಥವನು. ಪರಸವ್ವ ಚಹಾ ಮಾಡಿ ಕೊಟ್ಟಳು. ಹದಿನಾರು ಹೆಸರು ಬರೆಸಿ ಆಗಿತ್ತು. ಗೌತಮ ಹದಿನಾರನ್ನೂ ಕೇಳಲಿಲ್ಲ, ಅಶ್ಫಾಕನ ಕಪ್ಪಿನಲ್ಲಿ ಚಹಾ ಆರುತ್ತಿದ್ದದ್ದನ್ನು ನೋಡಿಯೇ ತಿಳಿದುಕೊಂಡ.

“ನೀ ಬರೂದು ಬಿಡಬ್ಯಾಡ,” ಎಂದ ಅಶ್ಫಾಕ. “ಹುಡುಗರನ್ನ ಓಡಾಕ ಹಚ್ಚು. ನೀರು, ಸಾಮಾನು ನೋಡ್ಕೋ.”

“ಆಡೂದು?”

“ಅದು ಇಲ್ಲ.”

“ಬ್ಯಾರೆ ತಂಡದಾಗ?”

ಅಶ್ಫಾಕ ಕಪ್ಪನ್ನು ಕೆಳಗಿಟ್ಟ. “ಈಗ ಎಲ್ಲಾರೂ ಹಿಂಗ ಆಡ್ತಾರ, ಗೌತಮ.”

ಅವನು ಹೋದ ಮೇಲೆ ಪರಸವ್ವ ಕಪ್ಪು ತೊಳೆಯುತ್ತ, “ಮನುಷ್ಯಾ ಛಲೋ ಅದಾನ,” ಎಂದಳು. ಗೌತಮ ಹೌದು ಎಂದ. ಬುಡ್ಡೇಸಾಬರೂ ಒಳ್ಳೆಯವರು, ಪ್ರತಾಪನೂ ಕೆಟ್ಟವನಲ್ಲ. ಯಾರನ್ನಾದರೂ ಬೈದುಕೊಳ್ಳಲು ಸಾಧ್ಯವಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

ಅಷ್ಟರಲ್ಲಿ ದ್ರಾಕ್ಷಿಯ ಸುಗ್ಗಿ ಬಂತು. ತೋಟಗಳಿಂದ ಕ್ರೇಟುಗಳು ಬಂದು ಶೆಡ್ಡುಗಳ ಮುಂದೆ ಸಾಲುಗಟ್ಟಿದವು. ಒಂದು ಬುಧವಾರ ಇಳಿಹೊತ್ತಿಗೆ, ಹಿಂದೆಲ್ಲ ಅವನು ವಿಜಯಪುರದ ಬಸ್ಸಿಗೆ ಹೊರಡುತ್ತಿದ್ದ ಹೊತ್ತಿಗೆ, ಮೇಸ್ತ್ರಿ ಗೊಲ್ಲಾಳಪ್ಪ ಬಂದು ಜಾಳಿಯ ಮೇಲಿನ ದ್ರಾಕ್ಷಿಯನ್ನು ಬೆರಳಿನಿಂದ ಹೊರಳಿಸಿ ನೋಡಿದ.

“ಇವತ್ತ ಚೆಂಡಿಗೆ ಹೋಗಾವಲ್ಲೇನು?”

“ಇಲ್ಲರೀ.”

“ಛಲೋ ಆತು. ಅತ್ತಾಗಿನ ಎರಡು ಸಾಲೂ ಮುಗಿಸಿಬಿಡು ಹಂಗಾರ.”

ಗೌತಮ ಪೈಪು ಎತ್ತಿಕೊಂಡು ಸಾಲಿನ ತುದಿಗೆ ಹೋಗಿ ನಿಂತ. ಪಂಪು ಶುರುವಾಯಿತು. ಹತ್ತು ದಾಟಿ, ಇಪ್ಪತ್ತು ದಾಟಿ, ಮೂವತ್ತೊಂದಕ್ಕೆ ಬಂದಾಗ ರಸ್ತೆಯಲ್ಲಿ ಬಸ್ಸಿನ ಹಾರನ್ ಕೇಳಿಸಿತು. ತಲೆಯೆತ್ತಿದರೆ ಕೈ ಒಂದು ಗಳಿಗೆ ತಡೆದು ಅಷ್ಟು ಜಾಗದ ಬಣ್ಣ ಕೆಡುತ್ತಿತ್ತು. ಅವನು ತಲೆಯೆತ್ತಲಿಲ್ಲ.