ನಾಣಿಯ ಮೀಸೆ ಮತ್ತು ಹನ್ನೊಂದನೆಯ ಮಾತು

ನಾಣಿಯ ಮುತ್ತಜ್ಜ ಕೆಮ್ಮಣ್ಣು ತಿಮ್ಮಯ್ಯ ಮೈಸೂರಿನ ಗರಡಿಯೊಂದರಲ್ಲಿ ಮಣ್ಣು ಹದ ಮಾಡುತ್ತಿದ್ದವನು. ಜಟ್ಟಿಗಳು ಅಖಾಡಕ್ಕೆ ಕಾಲಿಡುವಾಗ ಹಿಮ್ಮಡಿ ಮಣ್ಣಿನೊಳಗೆ ಎಷ್ಟು ಇಳಿಯಿತೆಂದು ನೋಡಿ, ಕೈಕೈ ಹಿಡಿಯುವ ಮೊದಲೇ ಗೆಲ್ಲುವವನ ಹೆಸರು ಹೇಳಿಬಿಡುತ್ತಿದ್ದ. ಮೂವತ್ತು ವರ್ಷದಲ್ಲಿ ಒಂದೇ ಸಲ ತಪ್ಪಿದ. ಆ ದಿನ ಯಾರೂ ಕೇಳದಿದ್ದರೂ ಅಖಾಡದ ನಡುವೆ ಕೂತು, ಕನ್ನಡಿಯೂ ಇಲ್ಲದೆ, ತನ್ನ ಮೀಸೆಯನ್ನು ತಾನೇ ಬೋಳಿಸಿಕೊಂಡ. “ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನೋದು ಬಿದ್ದವನ ಗಾದೆ ಕಣ್ರಪ್ಪ, ಮಾತು ಕೊಟ್ಟವನದಲ್ಲ” ಎಂದನಂತೆ. ಮೀಸೆ ಮೂರು ತಿಂಗಳಲ್ಲಿ ಮತ್ತೆ ಬಂತು. ಮಾತಿನ ತೂಕ ಮಾತ್ರ ದುಪ್ಪಟ್ಟಾಯಿತು.

ಅವನ ಮಗ ಹೊನ್ನಯ್ಯ ಚುನಾವಣೆಯ ಕಾಲಜ್ಞಾನಿ. ಅಭ್ಯರ್ಥಿ ಮನೆಮನೆಗೆ ಬಂದು ಕೈಮುಗಿಯುವಾಗ ಎಷ್ಟು ಸಲ ಪಂಚೆ ಬಿಗಿಮಾಡಿಕೊಂಡ ಎಂದು ಎಣಿಸಿ, ಠೇವಣಿ ಕಳೆದುಕೊಳ್ಳುವವರನ್ನು ಸಾಲಾಗಿ ಹೇಳುತ್ತಿದ್ದ. ಹೊನ್ನಯ್ಯನ ಮಗ ಚೆಲುವಯ್ಯ ಹೈಸ್ಕೂಲಿನಲ್ಲಿ ಜವಾನ. ಪರೀಕ್ಷೆ ಬರೆದು ಹೊರಬರುವ ಹುಡುಗರ ನಡಿಗೆ ನೋಡಿಯೇ ಪಾಸು, ನಪಾಸು ಎಂದುಬಿಡುತ್ತಿದ್ದ. ಇನ್ನು ತಾವು ಪೇಪರು ತಿದ್ದುವುದು ದಂಡಕ್ಕೆ ಎಂದು ಮೇಷ್ಟ್ರುಗಳು ಗೊಣಗುತ್ತಿದ್ದರು. ಮೂವರಿಗೂ ಒಂದೇ ಮೀಸೆ. ಕುಡುಗೋಲಿನ ಹಾಗೆ ತುದಿ ಮೇಲಕ್ಕೆ ತಿರುಗಿದ್ದು.

ಆ ಮೀಸೆ ನಾಲ್ಕನೆಯ ತಲೆಮಾರಿಗೆ ವಿಮಾನ ಹತ್ತಿ ಮಲೇಷ್ಯಾಕ್ಕೆ ಬಂತು. ಪುಚೊಂಗ್‌ನ ಹದಿನಾಲ್ಕನೇ ಮಹಡಿಯ ಮನೆಯಲ್ಲಿ ನಾರಾಯಣ ಎಂಬ ನಮ್ಮ ನಾಣಿ ಅದಕ್ಕೆ ದಿನವೂ ತೆಂಗಿನೆಣ್ಣೆ ತೀಡುತ್ತಾನೆ. ಹೆಂಡತಿ ಚಾಮುಂಡಿ, ಹದಿನಾಲ್ಕರ ಮಗಳು ಇಂಚರ. ಅಮೆರಿಕದ ಗಿರಾಕಿಗಳ ಕಂಪ್ಯೂಟರು ಮುನಿಸಿಕೊಂಡರೆ ಇಲ್ಲಿಂದಲೇ ರಮಿಸಿ ಸರಿಮಾಡುವುದು ಅವನ ಉದ್ಯೋಗ. ಮನೆತನದ ವಿದ್ಯೆ ತನ್ನ ರಕ್ತದಲ್ಲೂ ಇದೆ ಎಂದು ಅವನು ಹೇಳದ ದಿನವಿಲ್ಲ. ಆದರೆ ಇಲ್ಲಿಗೆ ಬಂದ ಹದಿನೆಂಟು ವರ್ಷದಲ್ಲಿ ಅದು ಹೊರಗೆ ಬಂದದ್ದನ್ನು ಕಂಡವರಿಲ್ಲ. ಸಂಜೆ ಮಳೆ ಬರುತ್ತದೆ ಎಂದು ಮಾತ್ರ ಹೇಳುತ್ತಿದ್ದ. ಇಲ್ಲಿ ಸಂಜೆ ಮಳೆ ಬರುತ್ತದೆ ಎಂದು ಬೆಕ್ಕೂ ಹೇಳುತ್ತದೆ.

ಆ ವಿದ್ಯೆಯನ್ನು ಹೊರಗೆಳೆದದ್ದು ಬೇಸ್‌ಬಾಲು. ಅದು ಚಿನ್ನಿದಾಂಡಿಗೂ ಕುಂಟೆಬಿಲ್ಲೆಗೂ ಮದುವೆ ಮಾಡಿದರೆ ಹುಟ್ಟುವ ಕೂಸು. ಒಬ್ಬ ಎಸೆಯುತ್ತಾನೆ, ಒಬ್ಬ ದೊಣ್ಣೆ ಬೀಸುತ್ತಾನೆ, ತಗುಲಿದರೆ ನಾಲ್ಕು ಮೂಲೆ ಸುತ್ತಿ ಹೊರಟಲ್ಲಿಗೇ ಬರುತ್ತಾನೆ. ಅಕ್ಟೋಬರ್ ತಿಂಗಳಲ್ಲಿ ಹನ್ನೆರಡು ತಂಡಗಳು ಕಾದಾಡಿ, ಸೋತವರು ಉದುರುತ್ತ ಹೋಗಿ, ಕೊನೆಗೊಂದು ಉಳಿಯುತ್ತದೆ. ಗಿರಾಕಿಗಳ ಜೊತೆ ಈ ಆಟದ ಮಾತಾಡಿದರೆ ಅವರ ಸಿಟ್ಟು ಇಳಿಯುತ್ತದೆಂದು ಯಾರೋ ಮೇಲಿನವರು ಕಂಡುಹಿಡಿದರು. ಅಂದಿನಿಂದ ವರ್ಷವೂ ಆಫೀಸಿನಲ್ಲಿ ಟೀ ಕಾಸುವ ಕೋಣೆಯ ಗೋಡೆಗೆ ಹಾಳೆ ಅಂಟುತ್ತದೆ. ಹನ್ನೊಂದು ಸರಣಿ, ಹನ್ನೊಂದು ಖಾಲಿ ಜಾಗ. ಒಂದೊಂದು ಸರಣಿ ಶುರುವಾಗುವ ಮುಂಚೆಯೇ ಗೆಲ್ಲುವವರ ಹೆಸರನ್ನು ಬರೆಯಬೇಕು. ಹಣದ ಮಾತಿಲ್ಲ. ಗೆದ್ದವನಿಗೆ ಹಲಸಿನ ತಮ್ಮನಂತಿರುವ ದುರಿಯನ್ ಹಣ್ಣಿನ ಆಕಾರದ ಒಂದು ಪ್ಲಾಸ್ಟಿಕ್ ಕಪ್ಪು.

ಆ ಕಪ್ಪು ಮೂರು ವರ್ಷದಿಂದ ಆರ್ಥರನ ಮೇಜು ಬಿಟ್ಟು ಕದಲಿರಲಿಲ್ಲ. ಆರ್ಥರ್ ಮಂಗಳೂರಿನವನು, ಲೆಕ್ಕದ ಮನುಷ್ಯ. ಯಾವ ಎಸೆತಗಾರನ ಮೊಣಕೈ ಎಷ್ಟು ಡಿಗ್ರಿ ಬಾಗುತ್ತದೆ ಎಂಬುದು ಅವನಿಗೆ ಬಾಯಿಪಾಠ.

“ನಾಣಿಯವರೇ, ನೀವೂ ಬರೀರಿ ಮಾರಾಯ್ರೆ,” ಎಂದ. “ಎಂಥ, ಮುತ್ತಜ್ಜನ ಸ್ಟೋರಿ ಮಾತ್ರವಾ ಇರೋದು? ಸ್ಟಾಕ್ ಏನಾದರೂ ಉಂಟಾ?”

“ಬರೀತೀನಿ ಕಣಯ್ಯ. ಆಮೇಲೆ ಕಪ್ಪು ಕೊಡುವಾಗ ಅಳಬಾರದು.”

“ಆಟ ನೋಡಿದ್ದೀರಾ ಒಂದಾದರೂ?”

“ಮದುವೆ ಗಂಡನ್ನ ಕುಣಿಸಿ ನೋಡ್ತಾರೇನಯ್ಯ? ಜಾತಕ ನೋಡ್ತಾರೆ.”

ಹೇಳಿದ ಮೇಲೆ ಮಾಡಬೇಕಲ್ಲ. ನಾಣಿಯ ಅಡುಗೆಮನೆಯ ಗೋಡೆಯಲ್ಲಿ ಊರಿನಿಂದ ತರಿಸಿದ ಪಂಚಾಂಗದ ಕ್ಯಾಲೆಂಡರು ತೂಗುತ್ತಿತ್ತು. ಅವನು ತಾರಾಬಲ ಹಿಡಿದ. ತಂಡದ ಹೆಸರಿನ ಮೊದಲ ಅಕ್ಷರದಿಂದ ಅದಕ್ಕೊಂದು ಜನ್ಮನಕ್ಷತ್ರ. ಅಲ್ಲಿಂದ ಸರಣಿ ಶುರುವಾಗುವ ದಿನದ ನಕ್ಷತ್ರದವರೆಗೆ ಎಣಿಸಿ, ಒಂಬತ್ತರಿಂದ ಭಾಗಿಸಿ, ಉಳಿದದ್ದು ಮೂರು, ಐದು, ಏಳಾದರೆ ಕೇಡು, ಮಿಕ್ಕದ್ದು ಒಳಿತು. ಹೆಣ್ಣುಮಕ್ಕಳನ್ನು ತವರಿಗೆ ಕಳಿಸುವಾಗ ನೋಡುವ ಲೆಕ್ಕ ಇದು. ಹಿರಿಯರು ಮೂವರೂ ಮನುಷ್ಯರನ್ನು ನೋಡಿ ಹೇಳಿದರು. ನಾಣಿ ಗೋಡೆ ನೋಡಿ ಹೇಳಿದ.

ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಸರಿಹೋಯಿತು. ಒಂದಲ್ಲ, ಎರಡಲ್ಲ, ಹತ್ತು ಸಲ ಕಾಗೆ ಕೂತಿತು, ಹತ್ತು ಸಲ ಕೊಂಬೆ ಮುರಿಯಿತು. ಹತ್ತು ಸರಣಿಯಲ್ಲಿ ಹತ್ತೂ ಸರಿ. ಆರ್ಥರನದು ಆರು. ಆರ್ಥರ್ ಎರಡು ದಿನ ಟೀ ಕೋಣೆಗೆ ಬರಲಿಲ್ಲ.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ನಮ್ಮ ಕನ್ನಡದವರಲ್ಲಿ ಕಡಿಮೆಯೇ? ಇಲ್ಲಿಯ ಕನ್ನಡ ಸಂಘದ ವಾಟ್ಸಾಪಿನಲ್ಲಿ ನಾಣಿ ರಾತ್ರೋರಾತ್ರಿ ‘ನಾಣಿ’ ಹೋಗಿ ‘ನಾರಾಯಣ್‌ಜೀ’ ಆದ. ನಿಲಾಯ್ ಕಾಲೇಜಿನಲ್ಲಿ ಮಗನಿಗೆ ಯಾವ ಕೋರ್ಸು ಎಂದು ಒಬ್ಬರು ಕೇಳಿದರು. ಪೆನಾಂಗಿನ ಬಯಾನ್ ಲೆಪಾಸ್‌ನಿಂದ ಚಿಪ್ ಕಾರ್ಖಾನೆಯ ಇಂಜಿನಿಯರೊಬ್ಬ ಫೋನು ಮಾಡಿ, ಮ್ಯಾನೇಜರು ಯಾವಾಗ ಬಿಟ್ಟುಹೋಗುತ್ತಾನೆ ಎಂದು ವಿಚಾರಿಸಿದ. ನಾಣಿ ಯಾರಿಗೂ ಇಲ್ಲವೆನ್ನಲಿಲ್ಲ. ಎಲ್ಲರಿಗೂ “ಗುರುವಾರ ಕಳೀಲಿ” ಎನ್ನುತ್ತಿದ್ದ.

ದೀಪಾವಳಿಯ ಊಟಕ್ಕೆ ಸಂಘದ ಅಧ್ಯಕ್ಷ ಕಿರಣನ ಕಾಂಡೋ ಕಟ್ಟಡದ ಹಾಲಿನಲ್ಲಿ ಎಂಬತ್ತು ಜನ ಸೇರಿದ್ದರು. ಕೊನೆಯ ಸರಣಿ ಆ ಶನಿವಾರ ಶುರು. ಉಳಿದ ಎರಡು ತಂಡಗಳ ಊರಿನ ಹೆಸರು ನನ್ನ ನಾಲಿಗೆಗೆ ಹೊರಳುವುದಿಲ್ಲ. ನಾಣಿಯಂತೆ ನಾನೂ ನೀಲಿ ಟೋಪಿ, ಕಿತ್ತಳೆ ಟೋಪಿ ಎನ್ನುತ್ತೇನೆ. ಏಳು ಪಂದ್ಯ, ಮೊದಲು ನಾಲ್ಕು ಗೆದ್ದವರು ದೊರೆ. ಕಿರಣ ಮೈಕು ಕೊಟ್ಟ. ಮೈಕು ಕೊಟ್ಟರೆ ನಮ್ಮವರು ಏನು ಮಾಡುತ್ತಾರೆಂದು ಹೇಳಬೇಕಾಗಿಲ್ಲ.

“ನೀಲಿ ಟೋಪಿ!” ಎಂದ ನಾಣಿ. “ಹನ್ನೊಂದನೇ ಮಾತು ಸುಳ್ಳಾದ್ರೆ, ರಾಜ್ಯೋತ್ಸವದ ದಿನ ಇದೇ ಹಾಲಲ್ಲಿ, ನಿಮ್ಮೆಲ್ಲರ ಮುಂದೆ ಈ ಮೀಸೆ ಬೋಳಿಸ್ತೀನಿ. ಕೆಮ್ಮಣ್ಣು ತಿಮ್ಮಯ್ಯನ ಆಣೆ!”

ಚಪ್ಪಾಳೆ ಬಿತ್ತು. ಚಾಮುಂಡಿ ಎಲೆಯ ಮುಂದೆ ಹಣೆ ಚಚ್ಚಿಕೊಂಡಳು.

ಪಾಯಸದ ಹೊತ್ತಿಗೆ ಯಜ್ಞನಾರಾಯಣ ಭಟ್ಟರು ನಾಣಿಯನ್ನು ಪಕ್ಕಕ್ಕೆ ಕರೆದರು. ಅವರು ವಾರದ ದಿನಗಳಲ್ಲಿ ವಿಮಾ ಕಂಪನಿಯ ಗುಮಾಸ್ತರು, ಭಾನುವಾರ ಪುರೋಹಿತರು.

“ಯಾವ ದಿನದ ನಕ್ಷತ್ರ ಹಿಡಿದೆಯೋ?”

“ಶನಿವಾರದ್ದು. ಬೆಳಗ್ಗೆ ಎಂಟಕ್ಕೆ ಆಟ ಅಲ್ವಾ?”

“ನಿನಗೆ ಶನಿವಾರ ಬೆಳಗ್ಗೆ. ಆಡೋರಿಗೆ? ಅಮೆರಿಕದಲ್ಲಿ ಅದು ಇನ್ನೂ ಶುಕ್ರವಾರ ಸಂಜೆ. ಕರ್ಮ ನಡೆಯೋ ನೆಲದ ದಿನ ಹಿಡೀಬೇಕು. ಮದುವೆ ಅವರದು, ಮುಹೂರ್ತ ನಿಂದೇನೋ?”

ನಾಣಿಯ ಬಾಯಿಯ ಪಾಯಸ ಬಾಯಲ್ಲೇ ನಿಂತಿತು. “ಆದ್ರೆ ಭಟ್ರೇ, ಹತ್ತೂ ಸರಿಹೋಯ್ತಲ್ಲ?”

“ಅದು ನಿನ್ನ ಅಜ್ಞಾನದ ಮೇಲೆ ದೇವರಿಟ್ಟ ದಯೆ. ಮೀಸೆ ಪಣಕ್ಕಿಟ್ಟ ಮೇಲೆ ದಯೆ ಸಾಲದು, ಶಾಸ್ತ್ರ ಬೇಕು.”

ಮನೆಗೆ ಬಂದವನೇ ಮತ್ತೆ ಎಣಿಸಿದ. ಶನಿವಾರ ಹಿಡಿದರೆ ನೀಲಿಗೆ ಆರು, ಕಿತ್ತಳೆಗೆ ಏಳು. ಶುಕ್ರವಾರ ಹಿಡಿದರೆ ಒಂದೊಂದು ಕಡಿಮೆ. ನೀಲಿಗೆ ಐದು, ಕಿತ್ತಳೆಗೆ ಆರು. ಐದು ಕೇಡು, ಆರು ಒಳಿತು. ಎಲ್ಲ ತಲೆಕೆಳಗಾಯಿತು. ರಾತ್ರಿ ಅವನು ಇದನ್ನೇ ಹೇಳಿಕೊಳ್ಳುವಾಗ ಮಗಳು ಅನ್ನದ ತಟ್ಟೆಯಿಂದ ತಲೆಯೆತ್ತಿದಳು. ಅಪ್ಪನ ಕನ್ನಡ ಅವಳಿಗೆ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

“ಅಪ್ಪಾ, ಸೇಮ್ ಮೂನ್ ಲಾ. ದೇರ್ ಫ್ರೈಡೇ, ಹಿಯರ್ ಸ್ಯಾಟರ್ಡೇ, ಬಟ್ ಸೇಮ್ ಟೈಮ್ ವಾಟ್!”

ನಕ್ಷತ್ರವೆಂದರೆ ಚಂದ್ರನಿರುವ ಮನೆ, ಇರುವುದೊಬ್ಬನೇ ಚಂದ್ರ, ಅಲ್ಲಿಯ ಶುಕ್ರವಾರ ಸಂಜೆಯೂ ಇಲ್ಲಿಯ ಶನಿವಾರ ಬೆಳಗ್ಗೆಯೂ ಒಂದೇ ಗಳಿಗೆಯಾದರೆ ಎರಡು ನಕ್ಷತ್ರ ಹೇಗೆ ಬಂದೀತು? ಹುಡುಗಿ ಕೇಳಿದ್ದು ಇಷ್ಟೇ. ಭಟ್ಟರಿಗೂ ಹೊಳೆಯದ್ದು ಅವಳಿಗೆ ಹೊಳೆದಿತ್ತು.

“ನೀನು ಮೊಸರು ಹಾಕ್ಕೊಂಡು ಉಣ್ಣಮ್ಮ,” ಎಂದ ನಾಣಿ. “ಭಟ್ರಿಗಿಂತ ನೀನು ದೊಡ್ಡೋಳಾ?”

ಮರುದಿನ ಟೀ ಕೋಣೆಯಲ್ಲಿ, ಆರ್ಥರನ ಎದುರಿಗೇ, ನೀಲಿಯ ಮೇಲೆ ಗೆರೆ ಎಳೆದು ಪಕ್ಕದಲ್ಲಿ ಕಿತ್ತಳೆ ಎಂದು ಬರೆದು ರುಜು ಹಾಕಿದ. ಸಂಘದ ವಾಟ್ಸಾಪಿಗೂ ‘ಶಾಸ್ತ್ರೋಕ್ತ ತಿದ್ದುಪಡಿ’ ಹೋಯಿತು. ಅದಕ್ಕೂ ಎಲ್ಲರೂ ಕೈಮುಗಿದರು.

ಪಂದ್ಯ ನೋಡುವ ಜಾಗ ನಾಣಿಯ ಕಾಂಡೋದ ಕೆಳಗಿನ ಮಾಮಕ್, ಅಂದರೆ ತಮಿಳು ಮುಸ್ಲಿಮರ ಹೋಟೆಲು. ರೋಟಿಯವನು ಹಿಟ್ಟು ಬೀಸುತ್ತಿರುವಾಗ, ಆರ್ಥರ್ ತನ್ನ ಟ್ಯಾಬ್ ಒರಗಿಸಿಟ್ಟು ಕೂರುತ್ತಿದ್ದ. ನಾಣಿ ಮೊದಲ ಸಲ ಆ ಆಟವನ್ನು ಕಣ್ಣಿಂದ ನೋಡಿದ. ಮೊದಲ ನಾಲ್ಕು ಪಂದ್ಯದಲ್ಲಿ ಮೂರು ಕಿತ್ತಳೆಗೆ, ಒಂದು ನೀಲಿಗೆ. ನಾಣಿಯ ಮೀಸೆ ಕಿವಿ ಮುಟ್ಟಲು ಹೊರಟಿತು. ಹೋಟೆಲಿನವನಿಗೂ ನಾಲ್ಕು ಡಿಜಿಟ್ ಲಾಟರಿಗೆ ಒಂದು ನಂಬರು ಕೊಡಿ ಎನ್ನುವಷ್ಟು ಭಕ್ತಿ ಬಂತು. ಐದನೆಯದು ನೀಲಿ ಗೆದ್ದಿತು. ಆರನೆಯದೂ ಗೆದ್ದಿತು. ನಾಣಿ ಟೀ ಬಿಟ್ಟು ಬಿಸಿನೀರು ಕುಡಿಯತೊಡಗಿದ.

ಏಳನೆಯದು ಭಾನುವಾರ ಬೆಳಗ್ಗೆ ಬಿತ್ತು. ಸಂಜೆ ನಾಲ್ಕಕ್ಕೆ ರಾಜ್ಯೋತ್ಸವ. ಆಟದ ಕೊನೆಯಲ್ಲಿ ನೀಲಿಗೆ ಒಂದು ಓಟದ ಮುನ್ನಡೆ. ಕಿತ್ತಳೆಯ ದೊಣ್ಣೆಯವನು ಬಾರಿಸಿದ. ಚೆಂಡು ಆಕಾಶಕ್ಕೆ ಏರಿತು. ನಾಣಿ ಕುರ್ಚಿಯ ಮೇಲೆ ಏರಿದ. ಬೇಲಿಯ ಹತ್ತಿರ ನೀಲಿಯವನೊಬ್ಬ ಕೈಗವಸು ಎತ್ತಿ, ಹಲಸಿನ ಹಣ್ಣು ಇಳಿಸಿಕೊಂಡ ಹಾಗೆ ಚೆಂಡನ್ನು ಇಳಿಸಿಕೊಂಡ. ಮುಗಿಯಿತು.

ಆರ್ಥರ್ ಟ್ಯಾಬ್ ಮಗುಚಿಟ್ಟ. ಅವನೂ ಮೊದಲಿಂದ ಕಿತ್ತಳೆ ಎಂದೇ ಬರೆದಿದ್ದ; ಆದರೆ ಅವನು ಮೀಸೆ ಪಣಕ್ಕಿಟ್ಟಿರಲಿಲ್ಲ, ಅವನಿಗೆ ಮೀಸೆಯೂ ಇರಲಿಲ್ಲ.

“ಕೇಳಿ ನಾಣಿಯವರೇ,” ಎಂದ ಮೆಲ್ಲಗೆ. “ಹಾಳೆ ನನ್ನ ಹತ್ರ ಉಂಟು. ಗೆರೆಯ ಕೆಳಗೆ ನೀಲಿ ಅಂತ ಈಗಲೂ ಕಾಣ್ತದೆ. ಆ ತಿದ್ದುಪಡಿ ಲೆಕ್ಕಕ್ಕಿಲ್ಲ, ಮೊದಲು ಬರೆದದ್ದೇ ಕೌಂಟ್ ಅಂತ ನಾನು ಸ್ಟೇಜಲ್ಲಿ ಹೇಳ್ತೇನೆ. ಕಪ್ಪೂ ನಿಮಗೆ, ಮೀಸೆಯೂ ನಿಮಗೆ.”

ನಾಣಿ ತಲೆಯಾಡಿಸಿದ. “ಕಪ್ಪು ಹತ್ತು ಸರಿಯಾಗಿದ್ದಕ್ಕೆ ನಂದೇ ಕಣಯ್ಯ. ಮೀಸೆ ಹನ್ನೊಂದರದ್ದು.”

ಮನೆಯಲ್ಲಿ ಚಾಮುಂಡಿ ಮಂಕಾಗಿ ಕೂತಿದ್ದಳು. ಆ ಮೀಸೆ ಸಾರಿನಲ್ಲಿ ಅದ್ದುತ್ತದೆಂದು ಹದಿನಾರು ವರ್ಷ ಬೈದವಳೇ ಈಗ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. “ರೀ, ಜ್ವರ ಅಂತ ಹೇಳಿಬಿಡ್ತೀನಿ. ಹೋಗೋದೇ ಬೇಡ. ಊಟ ತಪಾವ್ ಮಾಡಿ ಕಳ್ಸಿ ಅಂದ್ರೆ ಕಿರಣ ಕಟ್ಟಿಸಿ ಕಳಿಸ್ತಾನೆ.”

“ಜ್ವರ ಇಳಿದ ಮೇಲೂ ನಾನು ಇಲ್ಲೇ ಇರಬೇಕಲ್ಲೇ,” ಎಂದ ನಾಣಿ.

ಹಾಲಿನ ಬಾಗಿಲಲ್ಲೇ ಭಟ್ಟರು ಕಾದಿದ್ದರು. ಶಾಸ್ತ್ರದಲ್ಲಿ ಎಲ್ಲಕ್ಕೂ ಬದಲಿ ಇದೆಯಂತೆ. ಗೋದಾನಕ್ಕೆ ತೆಂಗಿನಕಾಯಿ ಇದ್ದ ಹಾಗೆ, ಮೀಸೆಯ ಒಂದೇ ಒಂದು ಕೂದಲನ್ನು ದರ್ಭೆಯಲ್ಲಿ ಸುತ್ತಿ ಹರಿಯುವ ನೀರಿಗೆ ಬಿಟ್ಟರೆ ಇಡೀ ಮೀಸೆ ಬಿಟ್ಟ ಫಲ. ಕಿರಣ ಬಂದು, “ಸಾರ್, ಪ್ರೋಗ್ರಾಮ್ ಲಿಸ್ಟಿಂದ ನಿಮ್ಮ ಐಟಮ್ ತೆಗೆದುಬಿಡ್ತೀನಿ, ಯಾರಿಗೂ ನೆನಪಿರಲ್ಲ” ಎಂದ. ನೆನಪಿರುವುದಿಲ್ಲವಂತೆ! ಮುಂದಿನ ಎರಡು ಸಾಲಿನಲ್ಲಿ ಫೋನುಗಳೆಲ್ಲ ಆಗಲೇ ಎದ್ದು ನಿಂತಿದ್ದವು. ಮೊನ್ನೆ ಮಗನ ಕೋರ್ಸು ಕೇಳಿದವರು ಪಕ್ಕದವರಿಗೆ, “ನಂಗೆ ಮೊದಲಿಂದ ಡೌಟಿತ್ತು ಕಣ್ರೀ, ತಾರಾಬಲ ಎಲ್ಲ ಸುಮ್ನೆ” ಎನ್ನುತ್ತಿದ್ದರು.

ನಾಡಗೀತೆ ಮುಗಿದ ಮೇಲೆ ನಾಣಿ ವೇದಿಕೆಯ ನಡುವೆ ಕುರ್ಚಿ ಹಾಕಿಕೊಂಡು ಕೂತ. ಒಂದು ಲೋಟ ನೀರು, ಸೋಪು, ಅಂಗಡಿಯ ರೇಜರು. ಕನ್ನಡಿಯಿಲ್ಲದೆ ಸೋಪು ಹಚ್ಚಿಕೊಂಡ. ಮೊದಲ ಎಳೆತಕ್ಕೇ ತುಟಿಯ ಮೇಲೆ ರಕ್ತದ ಹನಿ ಕಂಡಿತು. ಯಾರೋ ಕಿಸಕ್ಕೆಂದರು. ಆಗ ಇಂಚರ ಅಮ್ಮನ ಚೀಲದಿಂದ ಅಂಗೈಯಗಲದ ಕನ್ನಡಿ ತೆಗೆದುಕೊಂಡು ಮೆಟ್ಟಿಲು ಹತ್ತಿ ಬಂದಳು. ಅಪ್ಪನ ಮುಖದ ಮುಂದೆ ಹಿಡಿದು, ಎಂಬತ್ತು ಜನರ ಎದುರಿಗೆ, ಕನ್ನಡದಲ್ಲೇ ಹೇಳಿದಳು: “ಅಪ್ಪಾ, ನಾನು ಹಿಡ್ಕೋತೀನಿ. ರೇಜರ್ ಕೊಟ್ರೆ ನಾನೇ ಮಾಡ್ತೀನಿ.”

ನಾಣಿ ಕನ್ನಡಿಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ.

“ಬೇಡ ಮಗಳೇ. ಚಂದ್ರ ಒಬ್ಬನೇ ಅಂತ ನೀನು ಹೇಳಿದ್ದೆ, ನಾನು ಕೇಳಲಿಲ್ಲ. ನಲವತ್ತೆಂಟು ವರ್ಷದಿಂದ ಈ ಮುಖ ನನ್ನ ಹತ್ರಾನೇ ಇದೆ, ಮೀಸೆ ಎಲ್ಲಿದೆ ಅಂತ ನಂಗೆ ಕನ್ನಡಿ ತೋರಿಸಬೇಕಾಗಿಲ್ಲ. ತಪ್ಪು ಬರೆದದ್ದು ಈ ಕೈ, ಬೋಳಿಸೋದೂ ಇದೇ ಕೈ. ನೀನು ಹೋಗಿ ಅಮ್ಮನ ಪಕ್ಕ ಕೂತ್ಕೋ.”